ದವಡೆಯ ಹೊಟ್ಟೆಕಿಚ್ಚು

ಅವಳು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರ ಕಡೆಯಿಂದ ಬಾಯಿಯ ಅಚ್ಚು ಡಬ್ಬಿಯಲ್ಲಿ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ತೆಗೆದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಲ್ಯಾಬಿನ ಕಪಾಟುಗಳಲ್ಲಿ ಯಾರು ಯಾರದೋ ಬಾಯಿಗಳು ಸಾಲಾಗಿ ಕೂತು ದಿನವಿಡೀ ಹಲ್ಲು ಕಿಸಿಯುತ್ತಿದ್ದವು. ಸಂಜೆ ಮನೆಗೆ ಬರುವಾಗ ಅವಳ ಹುಬ್ಬಿನ ಮೇಲೂ ಬಿಳಿಪುಡಿ. "ತಲೆ ಒರೆಸ್ಕೊಂಡು ಒಳಗೆ ಬಾ" ಎನ್ನುವುದೇ ಅಕ್ಕನ ಸ್ವಾಗತ.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಭಾವ ತೀರಿಕೊಂಡ ಮೇಲೆ ಅಕ್ಕತಂಗಿ ಇಬ್ಬರೂ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಎರಡು ಕೋಣೆಗಳಲ್ಲಿ ಒಟ್ಟಿಗೆ ಇದ್ದರು. ಕೆಳಗೆ ಯಂತ್ರ ಓಡಿದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ತಂಗಿಗೆ ಮದುವೆ ಕೂಡಿಬಂದಿರಲಿಲ್ಲ. ನಲವತ್ತು ದಾಟಿದ ಮೇಲೆ ಆ ಮಾತೂ ಮನೆಯಲ್ಲಿ ನಿಂತುಹೋಗಿತ್ತು. ಮಾತಿಗೆ ಅಷ್ಟೇನೂ ಆಸೆಪಡುವ ಜೀವವಲ್ಲ ಅವಳದು. ಆದರೆ ಒಮ್ಮೆ ಯಾರನ್ನಾದರೂ ಹಚ್ಚಿಕೊಂಡಳೆಂದರೆ ಅಂಟಿನ ಹಾಗೆ. ಚಿಕ್ಕವಳಿದ್ದಾಗ ಪಕ್ಕದ ಬೆಂಚಿನ ಗೆಳತಿ ಬೇರೆಯವಳ ಜೊತೆ ಊಟದ ಡಬ್ಬಿ ಬಿಚ್ಚಿದಳೆಂದು ಒಂದು ವಾರ ಜ್ವರ ಬರಿಸಿಕೊಂಡಿದ್ದವಳು.

ಆಟದ ಹುಚ್ಚು ಹತ್ತಿಸಿದ್ದು ಲ್ಯಾಬಿನ ಸಹೋದ್ಯೋಗಿಯೊಬ್ಬಳು. ಹತ್ತಿಸಿದವಳು ತಿಂಗಳೊಳಗೆ ಬಿಟ್ಟಳು, ಇವಳಿಗೆ ಹುಚ್ಚು ಬಿಡಲಿಲ್ಲ. ಆರು ಜನ ಆರು ಊರುಗಳಲ್ಲಿ ತಂತಮ್ಮ ಕಂಪ್ಯೂಟರ್ ಇಲ್ಲವೇ ಮೊಬೈಲ್ ಮುಂದೆ ಕೂತು ಒಂದೇ ದೋಣಿ ನಡೆಸುವ ಆಟ ಅದು. ಉಗಿ ಬಿಡುವ ಹಳೇ ಕಾಲದ ದೋಣಿ. ಒಬ್ಬರು ಚುಕ್ಕಾಣಿ ಹಿಡಿಯಬೇಕು, ಒಬ್ಬರು ಒಲೆಗೆ ಕಲ್ಲಿದ್ದಲು ಹಾಕಬೇಕು, ಒಬ್ಬರು ಮೇಲೆ ದೀಪ ಹಿಡಿದು ಬಂಡೆ ಎಲ್ಲಿದೆ ಎಂದು ಹೇಳಬೇಕು. ತಳದಲ್ಲಿ ಕೂತು ತೂತು ಬಿದ್ದಲ್ಲೆಲ್ಲ ಮುಚ್ಚುವವರೂ ಬೇಕು. ದಾಟಿದರೆ ಎಲ್ಲರೂ ದಾಟಿದಂತೆ, ಮುಳುಗಿದರೆ ಎಲ್ಲರೂ ಮುಳುಗಿದಂತೆ. ಹೆಸರು ಕೊಡಿ ಎಂದು ಆಟ ಕೇಳಿದ ದಿನ ಮನೆಗೆ ತಂದಿದ್ದ ಕೆಲಸ ಮೇಜಿನ ಮೇಲೆ ಕಣ್ಣಿಗೆ ಬಿತ್ತು. 'ದವಡೆ' ಎಂದು ಒತ್ತಿದಳು. ಅಲ್ಲಿಂದ ಅವಳು ಆ ಬಳಗಕ್ಕೆಲ್ಲ ದವಡೆಯೇ.

ಚುಕ್ಕಾಣಿ ಹಿಡಿಯುತ್ತಿದ್ದವನ ಆಟದ ಹೆಸರು 'ಕೊಡೆ'. ಎಲ್ಲೋ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಮುಖ ನೋಡಿದವಳಲ್ಲ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಬರುವ ದನಿಯೊಂದೇ ಪರಿಚಯ. ಮೆತ್ತಗಿನ ದನಿ, ದೋಣಿ ಬಂಡೆಗೆ ಹೊಡೆದಾಗಲೂ ಏರುತ್ತಿರಲಿಲ್ಲ. ಅವರಿಬ್ಬರೂ 'ನೀವು' ಬಿಟ್ಟು 'ನೀನು' ಅನ್ನುವುದಕ್ಕೆ ಎರಡು ಚಳಿಗಾಲ ಬೇಕಾಯಿತು. ಹಾಗೆ ಬಂದ 'ನೀನು' ಅವಳಿಗೆ ಚಿನ್ನಕ್ಕಿಂತ ಹೆಚ್ಚಾಗಿತ್ತು. ಒಂದು ಸಂಜೆ, ಕಲ್ಲುಗಳೇ ತುಂಬಿದ ಕಿರಿದಾದ ಕಣಿವೆ ದಾಟಿದ ಮೇಲೆ ಅವನು ಹೇಳಿದ್ದ: "ಕೆಳಗೆ ನಿನ್ನ ಕೈ ಇದ್ರೆ ನಾನು ತಿರುಗಿ ನೋಡೋದೇ ಬೇಡ."

ಮರುದಿನ ಲ್ಯಾಬಿನಲ್ಲಿ ಮೇಣ ಕಾಯಿಸುತ್ತಾ ಆ ಮಾತನ್ನು ಎಷ್ಟು ಸಲ ನೆನೆದಳೋ, ಯಾವುದೋ ಅಜ್ಜನ ಕೋರೆಹಲ್ಲುಗಳು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತವು.

ಹೀಗೆ ಇರುವಾಗ ಗುಂಡುಸೂಜಿ ಬಂದಳು.

ಟೋಲ್ ಗೇಟಿನಲ್ಲಿ ಚೀಟಿ ಹರಿಯುವ ಕೆಲಸದ ಹುಡುಗಿ. ದಿನವಿಡೀ ಗಾಜಿನ ಗೂಡಿನಲ್ಲಿ ಕೂತು ಯಾರ ಜೊತೆಗೂ ಎರಡು ಮಾತಿಗಿಂತ ಹೆಚ್ಚು ಆಡಲಾಗದೆ, ಕೂಡಿಟ್ಟಿದ್ದನ್ನೆಲ್ಲ ಸಂಜೆ ದೋಣಿಯಲ್ಲಿ ಸುರಿಯುತ್ತಿದ್ದಳು. ಬಂದ ಮೊದಲ ದಿನವೇ ಕೊಡೆಯನ್ನು 'ಅಣ್ಣಾ' ಅಂದಳು, ಎರಡನೇ ದಿನ 'ಬಾರೋ ಹೋಗೋ'ಗೆ ಇಳಿದಳು. ದವಡೆಯ ಎರಡು ಚಳಿಗಾಲ ಒಂದೇ ಏಟಿಗೆ ನೀರುಪಾಲಾದವು.

ಆಟದಲ್ಲೂ ಹುಡುಗಿ ಅಷ್ಟಕ್ಕಷ್ಟೆ. ಒಲೆ ಕೊಟ್ಟರೆ ದೋಣಿಗೇ ಬೆಂಕಿ ಹಚ್ಚಿದಳು. ದೀಪ ಕೊಟ್ಟರೆ ಬಂಡೆಯನ್ನು ಬಿಟ್ಟು ಮೋಡ ತೋರಿಸಿದಳು. ದವಡೆ ಒಳಗೊಳಗೇ ಕಾದಳು: ಈಗ ಬೈತಾನೆ, ಈಗ ಬೈತಾನೆ. ಕೊಡೆ ಬೈಯಲಿಲ್ಲ, ನಕ್ಕ. ಇಷ್ಟು ವರ್ಷ ಅವಳ ಮಾತಿಗೆ ಅವನು ಮೂಗಿನಲ್ಲಿ ಒಂದು ಉಸಿರು ಬಿಡುತ್ತಿದ್ದ. ಅದೇ ಅವನ ನಗು ಎಂದು ತಿಳಿದಿದ್ದಳು. ಈಗ ನೋಡಿದರೆ ಕೆಮ್ಮು ಬರುವಷ್ಟು ನಗುತ್ತಿದ್ದಾನೆ, ತಡಿ ತಡಿ ನೀರು ಕುಡೀತೀನಿ ಅನ್ನುತ್ತಿದ್ದಾನೆ. ಈ ನಗು ಎಲ್ಲಿ ಇಟ್ಟಿದ್ದ ಇವನು? ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗಿಂದಲೂ ಸಣ್ಣಗೆ ನಗು ಕೇಳುತ್ತಲೇ ಇತ್ತು.

ಆಮೇಲೆ ಅವಳ ಸಂಜೆಗಳೆಲ್ಲ ಕಾವಲು ಕಾಯುವುದರಲ್ಲೇ ಹೋದವು. ಇಬ್ಬರೂ ಒಟ್ಟಿಗೇ ಬಂದರೆ ಮೊದಲೇ ಮಾತಾಡಿಕೊಂಡಿದ್ದರೇನೋ ಎಂದು ಹೊಟ್ಟೆಯಲ್ಲಿ ಬೆಂಕಿ. ಒಬ್ಬರ ಹಿಂದೆ ಒಬ್ಬರು ಬಂದರೆ ಬೇಕೆಂದೇ ಹಾಗೆ ಬಂದಿದ್ದಾರೆ ಎಂದು ಇನ್ನಷ್ಟು ಬೆಂಕಿ. ಹುಡುಗಿಯ ಚೂಪು ದನಿ, 'ಅಯ್ಯೋ ಸತ್ತೆ' ಎನ್ನುವ ರಾಗ, ಎಲ್ಲವೂ ಅವಳಿಗೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ. ಆ ಹುಡುಗಿಯೋ, ಸಿಕ್ಕಾಗಲೆಲ್ಲ "ಅಕ್ಕಾ, ನೀವು ಹೇಗಿದೀರ?" ಎಂದು ಅಕ್ಕರೆಯಿಂದಲೇ ಕೇಳುತ್ತಿದ್ದಳು. ಅದೂ ನಾಟಕವೇ ಅನ್ನಿಸುತ್ತಿತ್ತು.

ಒಂದು ದಿನ ತಳದಲ್ಲಿ ಅವರಿಬ್ಬರೇ ಇದ್ದರು. ಎಡಗಡೆ ದವಡೆ, ಬಲಗಡೆ ಗುಂಡುಸೂಜಿ. ಹುಡುಗಿಯ ಬೆನ್ನ ಹಿಂದೆ ಒಂದು ತೂತು ಬಿತ್ತು. ದವಡೆಗೆ ಕಾಣಿಸಿತು. ಕೈ ಹೋಗಿಯೇ ಬಿಟ್ಟಿತ್ತು, ಹಿಂದಕ್ಕೆ ಎಳೆದುಕೊಂಡಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಒಲೆ ಆರಿತು. ತೀರ ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದಾಗ ದೋಣಿ ಮುಳುಗಿತು. ಎಲ್ಲರೂ ಹುಡುಗಿಯ ಮೇಲೆ ಗೊಣಗಿದರು. ಕೊಡೆ ಮಾತ್ರ "ಆಗುತ್ತೆ ಬಿಡಿ, ಇನ್ನೊಂದ್ಸಲ ಹೊರಡೋಣ" ಅಂದ. ಗುಂಡುಸೂಜಿ ಅಂದು ಒಂದು ಮಾತೂ ಆಡಲಿಲ್ಲ. ದವಡೆಗೆ ಆ ಮೌನ ಬೆಲ್ಲದ ಹಾಗೆ ಸಿಹಿಯಾಗಿರಬೇಕಿತ್ತು. ಆದರೆ ಅಂದು ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದಳು.

ಕೆಲವು ದಿನ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಕೊಡೆ ಬಳಗದವರನ್ನೆಲ್ಲ ಸೇರಿಸಿ, ತಾನು ಆಟ ಬಿಡುತ್ತಿರುವುದಾಗಿ ಹೇಳಿದ. ಲಿಫ್ಟಿನ ಕೆಲಸ ಬಿಟ್ಟು, ದೂರದ ಬೆಟ್ಟದ ಮೇಲೆ ಹಗ್ಗದ ದಾರಿಯಲ್ಲಿ ಜನರನ್ನು ಸಾಗಿಸುವ ತೊಟ್ಟಿಲುಗಳಿರುತ್ತವಲ್ಲ, ಆ ರೋಪ್‌ವೇಗೆ ಮೆಕ್ಯಾನಿಕ್ ಆಗಿ ಹೋಗುತ್ತಿದ್ದಾನಂತೆ. ಎಷ್ಟೋ ವರ್ಷದ ಆಸೆಯಂತೆ. "ಮೇಲೆ ಸಿಗ್ನಲ್ ಸಿಗಲ್ಲ. ಸಿಕ್ರೂ ಆಟ ಓಡುವಷ್ಟು ಸಿಗಲ್ಲ" ಅಂದ. ಅವನ ದನಿಯಲ್ಲಿ ದುಃಖಕ್ಕಿಂತ ಹುರುಪೇ ಹೆಚ್ಚಾಗಿದ್ದದ್ದು ದವಡೆಗೆ ನಾಟಿತು. ಎಷ್ಟೋ ವರ್ಷದ ಆಸೆ ಎಂದರೆ ತನಗೆ ಯಾಕೆ ಹೇಳಿರಲಿಲ್ಲ? ಗುಂಡುಸೂಜಿಗೆ ಹೇಳಿದ್ದನೋ? ಕಂಡೇ ಇರದ ಆ ಬೆಟ್ಟದ ಮೇಲೂ ಅವಳಿಗೆ ಸಿಟ್ಟು ಬಂತು.

ಮುಂದಿನ ಭಾನುವಾರ ಮಧ್ಯಾಹ್ನ ಬೀಳ್ಕೊಡುಗೆ. ಅಕ್ಕನಿಗೆ ಊಟ ಬಡಿಸಿ, ತಲೆ ಬಾಚಿಕೊಂಡು, ಯಾರೂ ನೋಡದಿದ್ದರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತಳು. ದೋಣಿಯಲ್ಲಿ ಆರೇ ಜನಕ್ಕೆ ಜಾಗ. ಉಳಿದವರೆಲ್ಲ ಆಟದ ದಡದ ಮೇಲೆ ಸಾಲಾಗಿ ನಿಂತಿದ್ದರು. ಇಷ್ಟು ಜನ ಇದ್ದಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಾಗಿ ಎರಡು ಮಾತು ಆಡಬೇಕೆಂದು ತೀರ್ಮಾನವಾಗಿತ್ತು. ತನ್ನ ಸರದಿಯ ಮಾತನ್ನು ಅವಳು ವಾರವಿಡೀ ಸಿದ್ಧಮಾಡಿಕೊಂಡಿದ್ದಳು. ಆ ಕಣಿವೆಯ ಸಂಜೆಯ ಮಾತನ್ನು ಎಲ್ಲರ ಮುಂದೆ ಹೇಳಿ, ಹುಡುಗಿಗೂ ಕೇಳಿಸಿ, ಬಾಯಿ ಮುಚ್ಚಿಸುವುದು ಅವಳ ಎಣಿಕೆ.

ಮೊದಲು ಮಾತಾಡಿದ್ದು ಸೀಮೆಸುಣ್ಣ ಎಂಬ ಹೆಸರಿನ ಶಾಲೆಯ ಮೇಷ್ಟ್ರು. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ನಾನು ಒಲೆ ನೋಡ್ಕೊಳ್ತಿದ್ದಾಗ ಕೊಡೆ ಒಂದ್ಸಲ ಅಂದ, ಹಿಂದೆ ನಿಮ್ಮ ಕೈ ಇದ್ರೆ ನಾನು ತಿರುಗಿ ನೋಡೋದೇ ಬೇಡ ಅಂತ. ನನಗೆ ಆ ವರ್ಷ ಹೆಂಡತಿ ಹೋಗಿದ್ಲು. ಆ ಒಂದು ಮಾತು ಹಿಡ್ಕೊಂಡು ವರ್ಷ ದಾಟಿದೆ."

ದವಡೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತೇ ಅದು. ಆಮೇಲೆ ಮಾತಾಡಿದ ಹೆಂಗಸೊಬ್ಬಳಿಗೂ ಅವನು ಹಾಗೆಯೇ ಹೇಳಿದ್ದ. ಅವಳದು ದೀಪ, ಹಾಗಾಗಿ 'ಮೇಲೆ ನಿನ್ನ ಕಣ್ಣು ಇದ್ರೆ'. ಇನ್ನೊಬ್ಬನಿಗೆ ಕೆಲಸ ಹೋದಾಗ ವಾರವಿಡೀ ಜೊತೆಗೆ ಕೂತಿದ್ದನಂತೆ. ಪ್ರತಿಯೊಬ್ಬರ ಹತ್ತಿರವೂ ಒಬ್ಬ ಕೊಡೆ ಇದ್ದ, ಪ್ರತಿಯೊಬ್ಬರೂ ಅವನು ತಮಗೊಬ್ಬರಿಗೇ ಎಂದುಕೊಂಡಿದ್ದರು. ಇಷ್ಟು ದಿನ ಒಬ್ಬಳ ಮೇಲಿದ್ದ ಹೊಟ್ಟೆಕಿಚ್ಚು ಈಗ ದಡದ ಮೇಲೆ ನಿಂತವರೆಲ್ಲರ ಮೇಲೂ ಹರಡಿತು. ಹೆಂಡತಿ ಸತ್ತ ಮೇಷ್ಟ್ರ ಮೇಲೂ ಕಿಚ್ಚುಪಡುತ್ತಿದ್ದೇನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕಿಚ್ಚು ಕಿಚ್ಚೇ.

ಅವಳ ಸರದಿ ಬಂತು. ಸಿದ್ಧಮಾಡಿಕೊಂಡಿದ್ದು ಯಾವುದೂ ಬಾಯಿಗೆ ಬರಲಿಲ್ಲ. "ಮೇಲೆ ಚಳಿ ಇರುತ್ತೆ. ಕಿವಿ ಮುಚ್ಕೊಂಡು ಓಡಾಡು" ಅಂದಳು. ಅವನು ಎಂದಿನಂತೆ ಮೂಗಿನಲ್ಲಿ ಒಂದು ಉಸಿರು ಬಿಟ್ಟ. ಕೊನೆಯ ಸಲ ಹೊರಟ ದೋಣಿ ಸಂಜೆಯ ಹೊತ್ತಿಗೆ ಆಚೆ ದಡ ಮುಟ್ಟಿತು, ಪರದೆಯ ಮೇಲೆ ಅವನ ಹೆಸರು ಮಾಸಿ ಇಲ್ಲವಾಯಿತು.

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡರೆ ಅಕ್ಕನ ಮುಖ ಗಂಟಾಗಿತ್ತು.

"ನಾನು ಆರು ತಿಂಗಳು ಟ್ರೈನಿಂಗಿಗೆ ಹೋದಾಗ ನೀನು ಏನು ಮಾಡಿದೆ ಗೊತ್ತಾ?" ಅಂದಳು ಅಕ್ಕ. "ಬ್ಯಾಗ್ ತಂದು ಬಾಗಿಲಲ್ಲಿಟ್ಟೆ. ಬೇಗ ಹೋಗು, ಬೀಗ ಹಾಕ್ಕೋಬೇಕು ಅಂದೆ. ಮುಖಾನೇ ನೋಡದವನಿಗೆ ಈಗ ಒಂದು ಬಕೆಟ್ ಕಣ್ಣೀರು."

"ನೀನು ವಾಪಸ್ ಬರ್ತೀಯ ಅಂತ ಗೊತ್ತಿತ್ತಲ್ಲಕ್ಕ."

"ಗೊತ್ತಿದ್ರೆ ಅಳಬಾರ್ದಾ?"

ಅಕ್ಕನ ಕಣ್ಣಲ್ಲಿ ತನಗೆ ಚೆನ್ನಾಗಿ ಪರಿಚಯವಿರುವ ಏನೋ ಒಂದು ಕಂಡಿತು ಅವಳಿಗೆ. ಪ್ರತಿ ಸಂಜೆ ತಾನು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಬಾಗಿಲು ಎಳೆದುಕೊಂಡಾಗ, ಈ ಕಡೆ ಅಕ್ಕ ಒಬ್ಬಳೇ ಟಿವಿಯ ಮುಂದೆ ಕೂತು ಇದೇ ಬೆಂಕಿ ನುಂಗುತ್ತಿದ್ದಳೆಂದು ಅವಳಿಗೆ ಅಂದಿನವರೆಗೆ ಹೊಳೆದೇ ಇರಲಿಲ್ಲ. ನಲ್ಲಿ ನಿಲ್ಲಿಸಿದಳು. ಇಬ್ಬರೂ ಸೇರಿ ಪಾತ್ರೆ ತೊಳೆದರು.

ಎರಡು ವಾರ ಆಟದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಗುಂಡುಸೂಜಿಯಿಂದ ಸಂದೇಶ ಬಂತು: ಅಕ್ಕಾ, ಬನ್ನಿ, ಇಬ್ಬರೇ ಸಣ್ಣ ದೋಣಿ ತಗೊಳ್ಳೋಣ. ಬೇಡವೆನ್ನಲು ಕಾರಣ ಸಿಗದೆ ಹೋದಳು. ಇಬ್ಬರೂ ದಡ ಬಿಟ್ಟು ನೀರಿನ ನಡುವಿಗೆ ಬಂದರು.

"ಅಕ್ಕಾ, ಆವತ್ತು ನನ್ನ ಹಿಂದಿನ ತೂತು ನಿಮಗೆ ಕಾಣಿಸಿತ್ತು ಅಲ್ವಾ?" ಎಂದಳು ಹುಡುಗಿ, ದನಿ ಏರಿಸದೆ.

ದವಡೆಯ ಕಿವಿ ಬಿಸಿಯಾಯಿತು. ಸುಳ್ಳು ಹೇಳಬಹುದಿತ್ತು. "ಕಾಣಿಸಿತ್ತು" ಅಂದಳು.

"ಗೊತ್ತಾಯ್ತು ನನಗೆ. ನಾನೂ ಒಂದ್ಸಲ ನಿಮಗೆ ಹಾಗೇ ಮಾಡಿದೀನಿ. ದೀಪ ನನ್ನ ಕೈಲಿತ್ತು, ಬಂಡೆ ನೋಡಿಯೂ ಹೇಳಲಿಲ್ಲ. ನಿಮ್ಮ ಕಡೆಗೇ ಬಡೀಲಿ ಅಂತ. ನೀವು ಬಂದ್ರೆ ಸಾಕು, ಅಣ್ಣ ನನ್ನ ಜೊತೆ ತಮಾಷೆ ಬಿಟ್ಟು ಸರಿಯಾಗಿ ಆಟಕ್ಕೆ ಕೂತುಬಿಡ್ತಿದ್ದ. ನನ್ನನ್ನ ಅವನು ಒಂದು ದಿನವೂ ಕೆಲಸಕ್ಕೆ ನಂಬಲಿಲ್ಲ."

ದವಡೆ ಆ ಮಾತನ್ನು ಬಾಯಲ್ಲಿಟ್ಟು ನಿಧಾನವಾಗಿ ಸವಿದಳು. ಆಮೇಲೆ ಇಬ್ಬರೂ ಕೂತು, ಕೊಡೆ ಯಾರು ಯಾರಿಗೆ ಏನೇನು ಹೇಳಿದ್ದ ಎಂದು ತಾಳೆ ನೋಡಿದರು, ಮೇಷ್ಟ್ರನ್ನೂ ಬಿಡಲಿಲ್ಲ. ಅಷ್ಟು ಮನಸ್ಸು ಬಿಚ್ಚಿ ಅವಳು ಯಾರ ಜೊತೆ ಸೇರಿಯೂ ಮತ್ಸರಪಟ್ಟಿರಲಿಲ್ಲ. ದೊಡ್ಡ ದೋಣಿಯ ಚುಕ್ಕಾಣಿ ಇನ್ನು ಯಾರು ಹಿಡಿಯಬೇಕೆಂಬುದರ ಮೇಲೆ ಮಾತ್ರ ಜಗಳವಾಯಿತು. ಅವನ ಜಾಗದಲ್ಲಿ ಇನ್ನೊಬ್ಬಳು ಕೂರುವುದು ಇಬ್ಬರಿಗೂ ಸಹಿಸದು. ಕೊನೆಗೆ ವಯಸ್ಸಿನ ಲೆಕ್ಕದಲ್ಲಿ ದವಡೆಗೆ ಬಂತು. ಅಡುಗೆಮನೆಯ ಆ ಸಂಜೆಯ ಋಣ ತೀರಿಸಲೋ ಎಂಬಂತೆ, ಒಂದು ದಿನ ಅಕ್ಕನನ್ನೂ ಎಳೆದುತಂದು ದೀಪದ ಹತ್ತಿರ ನಿಲ್ಲಿಸಿದಳು. ಅಕ್ಕ ಪಕ್ಕದ ಕೋಣೆಯಲ್ಲಿ ಹಾಸಿಗೆಯ ಮೇಲೆ ಕಾಲು ಚಾಚಿ ಮೊಬೈಲಿನಲ್ಲಿ ಆಡುತ್ತಿದ್ದಳು. ರೋಗಿಗಳನ್ನು ಗದರಿಸಿ ಅಭ್ಯಾಸವಾದ ದನಿಯಲ್ಲಿ "ಬಲಕ್ಕೆ ತಿರುಗ್ಸೇ ಮಾರಾಯ್ತಿ, ಕಣ್ಣು ಕಾಣಲ್ವಾ" ಎಂದು ಕೂಗಿದರೆ ಗೋಡೆಯಾಚೆಯಿಂದಲೂ ಹೆಡ್‌ಫೋನಿನಲ್ಲೂ ಒಟ್ಟಿಗೆ ಕೇಳುತ್ತಿತ್ತು. ದವಡೆ ನಕ್ಕು ನಕ್ಕು ಚುಕ್ಕಾಣಿ ಬಿಡುತ್ತಿದ್ದಳು.

ಬೇಸಿಗೆಯಲ್ಲಿ ಕೊಡೆ ರಜೆಗೆಂದು ಬೆಟ್ಟ ಇಳಿದು, ಕೆಳಗಿನ ಪಟ್ಟಣದಿಂದ ಒಂದು ಸಂಜೆ ಆಟಕ್ಕೆ ಬಂದ. ಎಲ್ಲರಿಗೂ ಸಂಭ್ರಮ. ಖಾಲಿಯಿದ್ದದ್ದು ಒಲೆಯ ಜಾಗ ಮಾತ್ರ. ಚುಕ್ಕಾಣಿ ಬಿಟ್ಟುಕೊಡಲಾ ಎಂದು ದವಡೆ ಕೇಳಲಿಲ್ಲ, ಅವನೂ ಬಾಯಿಬಿಟ್ಟು ಕೇಳಲಿಲ್ಲ. ಕಲ್ಲಿದ್ದಲು ಹಾಕಿ ಗೊತ್ತಿಲ್ಲದವನು ಒಲೆಯನ್ನು ಎರಡು ಸಲ ಆರಿಸಿದ. ಮೇಲಿನಿಂದ ಅಕ್ಕ ಅವನನ್ನೂ ಗದರಿಸಿದಳು. ದವಡೆಗೆ ನಗು ತಡೆಯಲಾಗಲಿಲ್ಲ.

ಆಟ ಮುಗಿದು ಉಳಿದವರು ಹೋದ ಮೇಲೆ ಅವನು ಸ್ವಲ್ಪ ಹೊತ್ತು ಉಳಿದ. ಬೆಟ್ಟದ ಗಾಳಿ, ಹಗ್ಗಕ್ಕೆ ಹಚ್ಚುವ ಗ್ರೀಸು, ಅದೂ ಇದೂ ಹೇಳಿದ.

"ದೀಪದ ಹತ್ತಿರ ಇದ್ದವರು ಯಾರು?" ಅಂದ.

"ಯಾಕೆ?"

"ಏನಿಲ್ಲ. ಅವರ ಜೊತೆ ಎಷ್ಟು ನಗ್ತಿದ್ದೆ ನೀನು. ನನ್ನ ಜೊತೆ ಯಾವತ್ತೂ ಹಾಗೆ ನಕ್ಕಿದ್ದು ನೆನಪಿಲ್ಲ."

ಪಕ್ಕದ ಕೋಣೆಯಲ್ಲಿ ಅಕ್ಕ ಆಗಲೇ ಮಲಗಲು ಹೊದಿಕೆ ಬಿಡಿಸುತ್ತಿದ್ದಳು. ದವಡೆ ಕುರ್ಚಿಗೆ ಒರಗಿ ಕಾಲು ಮುಂದಕ್ಕೆ ಚಾಚಿದಳು. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾಗಿತ್ತು.

"ಇದಾರೆ ಒಬ್ಬರು, ಬೇಕಾದವರು" ಅಂದಳು.