ಎರಡು ಸೈಕಲ್ ಕಡ್ಡಿ

ಸ್ವೆಟರ್ ಹೆಣೆಯುವಾಗ ಮಾಮನ ಎಡಗೈ ಕಿರುಬೆರಳು ಮಾತ್ರ ಮಡಚದೆ ನೆಟ್ಟಗೆ ನಿಂತಿರುತ್ತಿತ್ತು. ಉಳಿದ ಒಂಬತ್ತು ಬೆರಳು ಚಕಚಕನೆ ಓಡುತ್ತಿದ್ದವು. ವೆಸ್ಟ್ ಮಾಂಬಲಂನ ಮೇ ತಿಂಗಳ ಮಧ್ಯಾಹ್ನ, ಬನಿಯನ್ ಬೆವರಿಗೆ ಮೈಗಂಟಿದ್ದರೂ ಹಸಿರು ಉಲ್ಲನ್ ಮಡಿಲಲ್ಲೇ. ಮುಗಿಯುವ ಹೊತ್ತಿಗೆ ಎಲ್ಲ ಬಿಚ್ಚಿ, ಉಂಡೆ ಸುತ್ತಿ, ಮತ್ತೆ ಮೊದಲಿಂದ ಶುರು.

"ಮದ್ರಾಸಲ್ಲಿ ಸ್ವೆಟರ್ರು! ಯಾರಿಗೆ, ಫ್ರಿಜ್ಜಿಗಾ?" ಎಂದು ಮಾಮಿ ರೇಗಿಸುತ್ತಿದ್ದರು.

"ಅದರ ಅಳತೇನೂ ತೊಗೊಂಡಿದೀನಿ" ಎಂದು ಮಾಮ ನಗುತ್ತಿದ್ದರು.

ಅವರು ನಮ್ಮ ಮೇಲಿನ ಮನೆಯವರು, ನಂಟರಲ್ಲ. ಸೇನೆಯಲ್ಲಿದ್ದು, ಎಪ್ಪತ್ತೊಂದರ ಯುದ್ಧದಲ್ಲಿ ಸಿಕ್ಕಿಬಿದ್ದು ಒಂದು ವರ್ಷ ಗಡಿಯಾಚೆ ಸೆರೆಯಲ್ಲಿದ್ದವರು. ಬೇರೆಯವರಾಗಿದ್ದರೆ ಊರೆಲ್ಲ ಡಂಗುರ ಸಾರುತ್ತಿದ್ದರು. ನನಗೆ ಇದು ಮಾಮಿಯ ಬಾಯಿಂದ ತಿಳಿಯಬೇಕಾಯಿತು.

ನಾನು ಹಿಂದಿ ಧಾರಾವಾಹಿಗಳಿಗೆ ಕನ್ನಡದ ಮಾತು ಬರೆಯುವವಳು. ಒಮ್ಮೆ ಯುದ್ಧಕೈದಿಗಳ ಸರಣಿಯೊಂದು ಬಂತು. ಸೇನೆಯ ಮಾತು ಕೇಳಿ ತಿಳಿಯೋಣವೆಂದು ಲ್ಯಾಪ್‌ಟಾಪ್ ಹೊತ್ತು ಮೇಲೆ ಹೋದೆ. ಪರದೆಯ ಮೇಲೆ ಕಥಾನಾಯಕ, ಕಾವಲುಗಾರ ಕೊಟ್ಟ ರೊಟ್ಟಿಯನ್ನು ಅವನ ಮುಖಕ್ಕೇ ಎಸೆದ. ಮಾಮ ಹೆಣಿಗೆ ನಿಲ್ಲಿಸಿದರು.

"ರೊಟ್ಟಿ ಯಾರಮ್ಮಾ ಎಸೀತಾರೆ? ನಾವು ಕೆಳಗೆ ಬಿದ್ದ ಚೂರೂ ಹುಡುಕ್ತಿದ್ವಿ. ಇವನಿಗೆ ಬೆಳಿಗ್ಗೆ ಟಿಫನ್ ಆಗಿದೆ."

ಆಮೇಲೆ ತಾವಾಗಿಯೇ ಹೇಳಿದರು. "ಈ ಬೆರಳು ಮುರಿದೋನೂ ಕಾವಲುಗಾರನೇ. ಇನ್ನೊಬ್ಬ ಇದ್ದ, ವಯಸ್ಸಾದೋನು. ಹಳೇ ಸೈಕಲ್ ಚಕ್ರದಿಂದ ಈ ಎರಡು ಕಡ್ಡಿ ಕಿತ್ತು ಕೋಟೊಳಗೆ ಬಚ್ಚಿಟ್ಟು ತಂದ. ನನ್ನ ಹರಕು ಸ್ವೆಟರ್ ಬಿಚ್ಚಿಸಿ ಹೆಣಿಯೋದು ಕಲಿಸಿದ. ಕೈಗೆ ಕೆಲಸ ಇದ್ರೆ ತಲೆ ಕೆಡಲ್ಲ ಅಂದ. ಇದ್ದದ್ದು ಅಷ್ಟೇ ಉಲ್ಲನ್, ಅದಕ್ಕೇ ಹೆಣಿಯೋದು, ಬಿಚ್ಚೋದು. ಯಾರಾದ್ರೂ ನೋಡಿದ್ರೆ ಅವನ ಗತಿ? ಪಾವಂ, ಪಾಪ ಕಣಮ್ಮಾ."

ಆಗಷ್ಟೇ ಅವರ ಕೈಯಲ್ಲಿದ್ದ ಕಡ್ಡಿಗಳನ್ನು ಸರಿಯಾಗಿ ನೋಡಿದೆ. ಒಂದರ ತುದಿಯಲ್ಲಿ ಇನ್ನೂ ತಿರುಪಿನ ಗೆರೆಯಿತ್ತು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಸ್ಟುಡಿಯೋದಲ್ಲಿ ಹೇಳಿಬಿಟ್ಟೆ. ಪ್ರಚಾರಕ್ಕೆ ನಿಜವಾದ ಕೈದಿಯೇ ಸಿಕ್ಕರೆಂದು ಅಲ್ಲಿಯವರು ಕುಣಿದಾಡಿದರು. ಮಾಮ ಒಲ್ಲೆ ಎಂದರು. ನಾನೇ ಪೀಡಿಸಿ ಒಪ್ಪಿಸಿದೆ. ಅವರದು ಒಂದೇ ಷರತ್ತು.

"ಬೆರಳಿನ ಕಥೆ ಬೇಕಾದ್ರೆ ಹಾಕ್ಲಿ. ಕಡ್ಡಿ ಕೊಟ್ಟೋನನ್ನ ಮಾತ್ರ ಬಿಡಬಾರದು. ಅವನ ಪರವಾಗಿ ಹೇಳೋಕೆ ನಾನೊಬ್ಬನೇ ಇರೋದು."

ನಾನು ಮಾತು ಕೊಟ್ಟೆ.

ಇಸ್ತ್ರಿ ಅಂಗಿ ತೊಟ್ಟು ಕ್ಯಾಮೆರಾದ ಮುಂದೆ ಹತ್ತು ನಿಮಿಷ ಮಾತಾಡಿದರು. ಎಂಟು ನಿಮಿಷ ಆ ಮುದುಕನದೇ. "ಅವರೆಲ್ಲ ರಾಕ್ಷಸರು ಅಂತ ಒಂದ್ಸಲ ಹೇಳಿ ಸರ್" ಎಂದು ನಿರ್ದೇಶಕ ಮೂರು ಬಾರಿ ಕೇಳಿದ.

"ಒಬ್ಬ ಹೌದು. ಎಲ್ಲಾರೂ ಅನ್ನೋಕೆ ನಂಗೆ ಬಾಯಿ ಬರಲ್ಲಪ್ಪಾ."

ಏಟು ತಿಂದವರು ಅವರು, ಕೋಪ ಮಾತ್ರ ನಮಗೆ! ಅವರಷ್ಟು ದೊಡ್ಡ ಮನಸ್ಸಿನವರನ್ನು ನಾನು ಬೇರೆ ಕಂಡಿಲ್ಲ.

ತೆರೆಗೆ ಬಂದದ್ದು ಇಪ್ಪತ್ತು ಸೆಕೆಂಡು. ಪರದೆ ತುಂಬ ಆ ಬೆರಳು, ಹಿಂದೆ ಢಂ ಢಂ ಸಂಗೀತ. ಮುದುಕ ಎಲ್ಲೂ ಇಲ್ಲ. "ಜನಕ್ಕೆ ಅದು ಬೇಡ ಮೇಡಂ" ಎಂದ ನಿರ್ದೇಶಕ. ನನ್ನ ಮುಂದಿನ ಕೆಲಸ ಅವನ ಕೈಯಲ್ಲಿತ್ತು. ನಾನು ಸುಮ್ಮನಾದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾಮ ನನ್ನ ಫೋನಿನಲ್ಲಿ ಒಮ್ಮೆ ನೋಡಿ ವಾಪಸು ಕೊಟ್ಟರು. "ನಿನ್ನ ಕೆಲಸದ ವಿಷಯ. ಜಗಳ ಆಡಬೇಡಮ್ಮಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕಳೆದ ವರ್ಷ ಮಾಮ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಾಮಿ ಅರ್ಧ ಹೆಣೆದ ಸ್ವೆಟರನ್ನು ಕಡ್ಡಿಗಳ ಸಮೇತ ನನ್ನ ಕೈಗಿಟ್ಟರು. "ನಿಂಗೇ ಕೊಡಬೇಕು ಅಂದಿದ್ರು."

ನನಗೆ ಹೆಣೆಯಲು ಬಾರದು. ಬರುವ ಕೆಲಸವನ್ನು, ತಡವಾಗಿಯಾದರೂ, ಮಾಡಿದ್ದೇನೆ. ಹಳೇ ಸೈಕಲ್ಲಿನಿಂದ ಎರಡು ಕಡ್ಡಿ ಕಿತ್ತು ತಂದುಕೊಟ್ಟವನೊಬ್ಬ ಇದ್ದ. ಬಿಟ್ಟಿಲ್ಲ ಮಾಮ, ಬರೆದಿದ್ದೇನೆ.