ಅಟ್ಟದ ಮೇಲಿನ ಗಂಟೆ

ಮಿಲಿಟ್ರಿ ದೊಡ್ಡಪ್ಪನ ಹಣೆಯ ಮೂರು ವಿಭೂತಿ ಗೆರೆಗಳು ಅಡಿಕೋಲು ಇಟ್ಟು ಎಳೆದಷ್ಟು ನೇರ. ಬೆವರು ಬಂದರೆ ಗೆರೆ ತಪ್ಪಿಸಿ ಬದಿಯಿಂದ ಇಳಿಯಬೇಕು, ಅಂಥ ಶಿಸ್ತು. "ಸರ್ಕಾರ ತೋಳಿಗೆ ಎರಡು ಪಟ್ಟಿ ಕೊಟ್ಟು ನಾಯಕ್ ಅಂತ ಮನೆಗೆ ಕಳಿಸ್ತು. ಈಶ್ವರ ಹಣೆಗೆ ಮೂರು ಕೊಟ್ಟ. ಈಗ ನಾನು ಹವಾಲ್ದಾರ" ಎನ್ನುತ್ತಿದ್ದರು.

ನಾನು ಮದುವೆಯಾಗಿ ಹಿರೇಕೊಡಿಗೆಗೆ ಬಂದಾಗ ಬೇಲಿಯಾಚೆಯ ಮನೆ ಅವರದು. ನೆಂಟರಲ್ಲದಿದ್ದರೂ ಊರಿಗೆಲ್ಲ ಅವರು ಮಿಲಿಟ್ರಿ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಅರವತ್ತೈದರ ಯುದ್ಧದಲ್ಲಿ ಇದ್ದವರು. ಪಿಂಚಣಿ ಪಡೆದು ಗದ್ದೆಗೆ ಇಳಿದವರು ಎಂಬತ್ತು ದಾಟಿದರೂ ಮೇಲೆ ಹತ್ತಲಿಲ್ಲ. ನಟ್ಟಿಯ ಸಾಲು ಸೊಟ್ಟಗಾದರೆ ಬದುವಿನಿಂದಲೇ "ಸಾವಧಾನ್!" ಎಂದು ಕೂಗುತ್ತಿದ್ದರು. ಹೆಂಗಸರು ಬಗ್ಗಿದಲ್ಲಿಂದಲೇ, "ದೊಡ್ಡಪ್ಪ, ನಿಮ್ಮ ಹಿಂದಿಗೆ ಸಸಿ ಬೇರು ಬಿಡೋದಿಲ್ಲ, ಸುಮ್ಮನಿರಿ" ಎಂದು ನಗುತ್ತಿದ್ದರು.

ಬೆಳಿಗ್ಗೆ ಮಿಂದು, ಗುಡ್ಡದ ಮೇಲಿನ ಈಶ್ವರನಿಗೆ ಹೂವು ಒಪ್ಪಿಸಿ ಬರುವ ತನಕ ಬಾಯಿಗೆ ನೀರೂ ಹಾಕುವವರಲ್ಲ. ಗರ್ಭಗುಡಿಯ ಎದುರು ಬರಿಗಾಲಿನ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಆಮೇಲೆ ಕೈಮುಗಿಯುವುದು. ಇಷ್ಟು ಭಕ್ತಿಯ ಮನುಷ್ಯ ದೇವಸ್ಥಾನದ ಬಾಗಿಲಲ್ಲಿ ಮಾತ್ರ ಕಳ್ಳನ ಹಾಗೆ ತಲೆ ತಗ್ಗಿಸಿ ನುಗ್ಗುತ್ತಿದ್ದರು. ಅಲ್ಲಿ ಮೇಲೆ ಒಂದು ಖಾಲಿ ಕೊಂಡಿ ಇತ್ತು. ಅದು ಅವರ ಗಂಟೆಗೆಂದು ಹಾಕಿಸಿದ್ದು.

ಯುದ್ಧದಲ್ಲಿ ಕಂದಕದೊಳಗೆ ಮುದುರಿ ಕೂತಿದ್ದಾಗ, ಬದುಕಿ ಊರಿಗೆ ಬಂದರೆ ಈಶ್ವರನಿಗೆ ಕಂಚಿನ ಗಂಟೆ ಕೊಡುತ್ತೇನೆಂದು ಹರಕೆ ಹೊತ್ತಿದ್ದರಂತೆ. ಬದುಕಿ ಬಂದರು. ಮೊದಲ ರಜೆಯಲ್ಲೇ ಗಂಟೆಯನ್ನೂ ತಂದರು. ತಂದು ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿ ಇಟ್ಟರು. ವರ್ಷವೂ ದೀಪಾವಳಿಗೆ ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ತಾವೇ ತಿಕ್ಕಿ ಬೆಳಗುವುದು, ಮತ್ತೆ ಮೇಲೆ ಇಡುವುದು.

"ಯಾವಾಗ ಮಾರಾಯ್ರೆ?" ಎಂದು ಅರ್ಚಕ ಭಟ್ಟರು ಕೇಳಿದರೆ, ದೇವಸ್ಥಾನದ ಹಳೇ ಮಾಡು ಗಂಟೆಯ ಭಾರ ತಡೆಯುವುದಿಲ್ಲ ಎನ್ನುವುದು. ಊರವರು ವಂತಿಗೆ ಎತ್ತಿ ಆರ್‌ಸಿಸಿ ಹಾಕಿಸಿದರು. ಆಮೇಲೆ, "ಸಿಮೆಂಟು ಇನ್ನೂ ಹಸಿ ಇದೆ ಭಟ್ರೇ." ಆ ಸಿಮೆಂಟು ವರ್ಷಗಟ್ಟಲೆ ಒಣಗಲೇ ಇಲ್ಲ.

ಒಂದು ದೀಪಾವಳಿಗೆ ಹುಣಸೆಹಣ್ಣು ಕೊಡಲು ಹೋದವಳು ಕೇಳಿಯೇಬಿಟ್ಟೆ. ದೊಡ್ಡಪ್ಪ ಅತ್ತಿತ್ತ ನೋಡಿ, ಗುಟ್ಟಿನ ದನಿಯಲ್ಲಿ ಹೇಳಿದರು: "ಮಿಲಿಟ್ರಿಯಲ್ಲಿ ಕಂಬಳಿ, ಬೂಟು, ನೀರಿನ ಬಾಟ್ಲಿ ಎಲ್ಲಾ ಸ್ಟೋರಿಗೆ ಒಪ್ಪಿಸಿದ ಮೇಲೇ ಡಿಸ್ಚಾರ್ಜು. ಒಂದು ಸಾಮಾನು ಬಾಕಿ ಇದ್ರೂ ಬಿಡೋದಿಲ್ಲ. ಈಶ್ವರನ ಸ್ಟೋರಿಗೆ ನನ್ನದೊಂದು ಗಂಟೆ ಬಾಕಿ ಇದೆ. ಅದು ಒಪ್ಪಿಸೋ ತನಕ ಅವನು ನನ್ನನ್ನ ಹೇಗೆ ಕರೆಸ್ಕೊಳ್ತಾನೆ ಹೇಳು?"

ನಾನು ನಕ್ಕೆ. ಅವರು ನಗಲಿಲ್ಲ. ಮುಂದೊಂದು ದಿನ ಅವರ ಟಿಲ್ಲರ್ ಬದು ಹಾರಿ ಮಗುಚಿತು. ನಾವೆಲ್ಲ ಬೊಬ್ಬೆ ಹೊಡೆಯುತ್ತಾ ಓಡಿದರೆ, ಕೆಸರಿನಿಂದ ಬರೀ ಕಣ್ಣು, ಹಲ್ಲು ಎದ್ದು ಬಂದು, "ಎಂತಕ್ಕೆ ಓಡಿ ಬರ್ತೀರಿ? ಗಂಟೆ ಅಟ್ಟದಲ್ಲೇ ಉಂಟಲ್ಲ!" ಅಂದವು.

ನಾಲ್ಕು ವರ್ಷದ ಹಿಂದೆ ದೊಡ್ಡಮ್ಮನಿಗೆ ಜ್ವರ ಎದೆಗಿಳಿಯಿತು. ಕೊಪ್ಪದ ಡಾಕ್ಟರು ನೋಡಿ ಕೂಡಲೇ ಶಿವಮೊಗ್ಗಕ್ಕೆ ಕಳಿಸಿದರು. ಮಗನ ಜೊತೆ ದೊಡ್ಡಪ್ಪನೂ ಆಂಬುಲೆನ್ಸ್ ಹತ್ತಿದರು. ಮಾರನೇ ದಿನ ನೋಡಿದರೆ ಒಬ್ಬರೇ ಬಸ್ಸಿಳಿದು ಬರುತ್ತಿದ್ದಾರೆ. ನಾನು ಬೇಲಿಯ ಹತ್ತಿರ ಓಡಿದೆ.

"ಐಸಿಯುನಲ್ಲಿ ಇದ್ದಾಳೆ. ನೀನು ಬಂದು ಏಣಿ ಹಿಡ್ಕೋ" ಎಂದರು.

"ಈಗ ಏಣಿ ಎಂತಕ್ಕೆ ದೊಡ್ಡಪ್ಪ?"

"ಈಶ್ವರನ ಹತ್ರ ಹೊಸದೊಂದು ಕೇಳ್ಬೇಕು ಮಾರಾಯ್ತಿ. ಹಳೇ ಬಾಕಿ ಅಟ್ಟದ ಮೇಲೆ ಇಟ್ಕೊಂಡು ಯಾವ ಮುಖದಲ್ಲಿ ಕೇಳೋದು?"

ಗಂಟೆ ಇಳಿಸಿ ಗೋಣಿಯನ್ನು ತಾವೇ ಬಿಚ್ಚಿದರು. ಗುಡ್ಡದ ಮೆಟ್ಟಿಲಲ್ಲಿ ನನ್ನ ಗಂಡ ಗಂಟೆ ಹೊರಲು ಕೈ ಚಾಚಿದರೆ ಕೊಡಲಿಲ್ಲ. ಕೊಂಡಿಗೆ ತೂಗುಹಾಕಿ ಒಮ್ಮೆ ಬಾರಿಸಿದರು. ಹೊಸ ದನಿ ಕೇಳಿ ಅಕ್ಕಪಕ್ಕದ ಮನೆಯವರೆಲ್ಲ ಅಂಗಳಕ್ಕೆ ಬಂದರು. ದೊಡ್ಡಪ್ಪ ಹಿಮ್ಮಡಿ ಜೋಡಿಸಿ, ಕವಾಯತಿನ ಗಂಟಲಿನಲ್ಲಿ ವರದಿ ಒಪ್ಪಿಸಿದರು: "ಹಳೇದು ಚುಕ್ತಾ! ಅವಳು ನಡ್ಕೊಂಡು ಮನೆಗೆ ಬಂದ್ರೆ ಬೆಳ್ಳಿ ದೀಪ!"

"ಮೆಲ್ಲಗೆ ಮಾರಾಯ್ರೆ, ದೇವರಿಗೆ ಕಿವಿ ಕೇಳ್ತದೆ" ಎಂದರು ಭಟ್ಟರು.

"ಇಷ್ಟು ವರ್ಷ ಗಂಟೆ ಇಲ್ದೆ ಕೂತವನು, ಕಿವಿ ಮಂದ ಆಗಿದ್ರೂ ಆಗಿರ್ಬಹುದು."

ದೀಪಾವಳಿ ಹಬ್ಬದ ಹೊತ್ತಿಗೆ ದೊಡ್ಡಮ್ಮ ನಡೆದುಕೊಂಡೇ ಅಂಗಳಕ್ಕೆ ಬಂದರು. ಗುಡ್ಡದಿಂದ ಗಂಟೆಯ ಸದ್ದು ಬಂತು. ನಿಂತಲ್ಲೇ ಗಂಡನ ಮುಖ ನೋಡಿ, "ಕೊಟ್ಟೇಬಿಟ್ರಾ? ಅಯ್ಯೋ, ಇನ್ನು ನಿಮ್ಮ ಗತಿ ಎಂತ?" ಎಂದು ಅತ್ತರು. ಅವರಿಗೆ ಎಲ್ಲ ಗೊತ್ತಿತ್ತು.

ಅಂದಿನಿಂದ ದೊಡ್ಡಪ್ಪ ಡಿಸ್ಚಾರ್ಜಿಗೆ ತಯಾರು. ಇಸ್ತ್ರಿ ಮಾಡಿದ ಪಂಚೆ ತಲೆದಿಂಬಿನ ಹತ್ತಿರ. ಬೆಳಿಗ್ಗೆ ಎದ್ದು ಬೇಲಿಯಾಚೆಯಿಂದ, "ಇವತ್ತೂ ಕರೆದಿಲ್ಲ ಮಾರಾಯ್ತಿ!" ಎಂದು ದೂರು ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಮೂರು ಬೆಳೆ ಕೊಯ್ದರು. ನಡುವೆ ಒಂದು ಮಧ್ಯಾಹ್ನ ಅಂಗೈಯಗಲದ ಬೆಳ್ಳಿ ದೀಪ ತಂದು ನನ್ನ ಕೈಯಲ್ಲಿಟ್ಟರು. "ಇದು ನಿನ್ನ ಹತ್ರ ಇರ್ಲಿ. ಅವಳ ಕೈಗೆ ಸಿಕ್ಕಿದ್ರೆ ಓಡಿ ಹೋಗಿ ಒಪ್ಪಿಸಿ ಬರ್ತಾಳೆ. ಹೊತ್ತದ್ದು ನಾನಾದ್ರೂ ಲೆಕ್ಕ ಅವಳ ಹೆಸರಲ್ಲಿ, ಬಾಕಿಯೇ ಇರ್ಲಿ."

ಕಳೆದ ವರ್ಷ ಭತ್ತದ ಒಕ್ಕಲಾಟ ಮುಗಿದ ಮಾರನೇ ಬೆಳಿಗ್ಗೆ, ಗುಡ್ಡ ಹತ್ತಿ ಬಂದು ಜಗಲಿಯಲ್ಲಿ ಕೂತು ಕಾಫಿ ಕೇಳಿದರು. ದೊಡ್ಡಮ್ಮ ಲೋಟ ಹಿಡಿದು ಬರುವಷ್ಟರಲ್ಲಿ ಹೋಗಿದ್ದರು. ಮೂರು ಗೆರೆಯೂ ನೇರವಾಗಿಯೇ ಇದ್ದವು.

ದೀಪ ನನ್ನ ಅಕ್ಕಿ ಡಬ್ಬಿಯಲ್ಲಿದೆ. ಈ ದೀಪಾವಳಿಗೆ ಅವರು ಬಿಟ್ಟುಹೋದ ವಿಭೂತಿಯಿಂದಲೇ ಅದನ್ನು ಉಜ್ಜಿ ಬೆಳಗಿದೆ. "ಅವರ ಹರಕೆ ತೀರಿಸಿಬಿಡುವ ಕಣೇ, ನಿನ್ನ ಹತ್ರ ಕೊಟ್ಟ ದೀಪ ಎಲ್ಲಿ?" ಎಂದು ದೊಡ್ಡಮ್ಮ ಸೋಮವಾರ ಬಂತೆಂದರೆ ಕೇಳುತ್ತಾರೆ. ಬತ್ತಿ ಇಡುವ ಮೂತಿ ಸೊಟ್ಟಗಿದೆ, ಅಕ್ಕಸಾಲಿಗನಿಗೆ ಕೊಟ್ಟಿದ್ದೇನೆ ಅಂದೆ. ಅವನು ಮಗಳ ಮದುವೆ ಗಡಿಬಿಡಿಯಲ್ಲಿದ್ದಾನೆ ಅಂದೆ. ಮೊನ್ನೆ ದೊಡ್ಡಮ್ಮ ಬೇಲಿ ಹಿಡಿದುಕೊಂಡು ಈಚೆಗೆ ಬಗ್ಗಿದರು. ಆಮೇಲೆ ಕೇಳಿದರು:

"ಎಂತದೇ, ಸಿಮೆಂಟು ಒಣಗಿತಾ?"

"ಇನ್ನೂ ಹಸಿ ಇದೆ ದೊಡ್ಡಮ್ಮ" ಅಂದೆ.