ಚಂದಮ್ಮನ ಭಟ್ಟಿ, ಚಂದಮ್ಮನ ಪರಾತ

ಹುಮನಾಬಾದ್ ಊರು ಮುಗಿದು ರಸ್ತೆ ಬಸವಕಲ್ಯಾಣದ ಕಡೆಗೆ ಹೊರಳುವಲ್ಲಿ ಚಂದಮ್ಮನ ಅಡುಗೆ ಭಟ್ಟಿ ಇದೆ. ಮೂಡಣ ಈಗಷ್ಟೇ ಕೆಂಪಾಗುತ್ತಿದೆ. ಒಳಗೆ ಉರಿದು ಕೆಂಡವಾದ ಜಾಲಿ ಕಟ್ಟಿಗೆಯನ್ನು ಚಂದಮ್ಮ ಉದ್ದನೆಯ ಕೋಲಿನಿಂದ ಹೊರಗೆಳೆದಿದ್ದಾರೆ. ಹಸಿ ಗೋಣಿಚೀಲ ಸುತ್ತಿದ ಇನ್ನೊಂದು ಕೋಲಿನಿಂದ ಭಟ್ಟಿಯ ನೆಲ ಒರೆಸಿದ್ದಾರೆ. ಈಗ ಸೆರಗನ್ನು ಸೊಂಟಕ್ಕೆ ಬಿಗಿದು, ಭಟ್ಟಿಯ ಬಾಯೊಳಗೆ ಮೊಣಕೈತನಕ ಕೈ ಚಾಚಿ ಸುಮ್ಮನೆ ನಿಂತಿದ್ದಾರೆ.

‘ಕೈ ಚುರ್ ಅನ್ಬೇಕ್ರಿ, ಆದ್ರ ಹಿಂದಕ್ಕ ಜಗ್ಗಬಾರ್ದು. ಅದೇ ಹದ’ ಎನ್ನುತ್ತಾರೆ. ಕೈ ಹೊರತೆಗೆದು ಒಂದು ಚಿಟಿಕೆ ಜೋಳದ ಹಿಟ್ಟು ಒಳಗೆ ಚೆಲ್ಲುತ್ತಾರೆ. ಹಿಟ್ಟು ಕಪ್ಪಾಗುವುದಿಲ್ಲ, ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಚಂದಮ್ಮನಿಗೆ ಅಷ್ಟು ಸಾಕು. ‘ತರ್ರಿ’ ಎಂದು ಕೂಗುತ್ತಾರೆ. ಗುಡಿಸಲೊಳಗಿಂದ ಗಂಡ ಅಮೋಘಸಿದ್ದಪ್ಪ ಅಗಲವಾದ ತಗಡಿನ ಪರಾತಗಳನ್ನು ಒಂದೊಂದಾಗಿ ಹೊತ್ತು ತರುತ್ತಾರೆ.

ಆ ಪರಾತದಲ್ಲಿ ಏನಿದೆ ಎಂದು ಬಗ್ಗಿ ನೋಡಿದರೆ ಬಾಯಲ್ಲಿ ನೀರೂರುತ್ತದೆ. ತಳಕ್ಕೆ ದಪ್ಪ ದಪ್ಪ ಹೆಚ್ಚಿದ ಉಳ್ಳಾಗಡ್ಡಿ. ಅದರ ಮೇಲೆ ಆಲೂಗಡ್ಡೆ, ಬದನೆಕಾಯಿ, ಗಜ್ಜರಿ, ಕೋಸಿನ ಎಲೆ, ಸೀಳಿದ ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ. ಇವೆಲ್ಲದರ ನೆತ್ತಿಯ ಮೇಲೆ ಸುರುಳಿ ಸುತ್ತಿ ಮಲಗಿಸಿದ ತುಂಬಗರುಳು: ಕುರಿಯ ಕರುಳನ್ನು ಉಪ್ಪು ಅರಿಸಿನ ಹಾಕಿ ಹತ್ತು ನೀರಲ್ಲಿ ತೊಳೆದು, ಕೊಚ್ಚಿದ ಮಾಂಸ, ಜೋಳದ ನುಚ್ಚು, ಗುರೆಳ್ಳಿನ ಪುಡಿ, ಲವಂಗ, ಮೆಣಸು ಕಲಸಿ ಗಟ್ಟಿಯಾಗಿ ತುಂಬಿ, ದಾರ ಕಟ್ಟಿದ್ದು. ಅಲ್ಲಲ್ಲಿ ಜಾಲಿ ಮುಳ್ಳಿನಿಂದ ಚುಚ್ಚಿರುತ್ತಾರೆ, ಇಲ್ಲವಾದರೆ ಬಿಸಿಗೆ ಒಡೆಯುತ್ತದೆ. ಕೊನೆಗೆ ಒಣಗಿದ ಪಾವು ಬ್ರೆಡ್ಡಿನ ಚೂರು ಉದುರಿಸಿ, ಭಟ್ಟಿಯ ಬಾಗಿಲಿಗೆ ಕೆಸರು ಮೆತ್ತಿ ಮುಚ್ಚಿದರೆ, ಮುಂದಿನದು ಬಿಸಿಯ ಕೆಲಸ. ಕರುಳಿನ ರಸ ಇಳಿದಿಳಿದು ಕೆಳಗಿನ ಕಾಯಿಪಲ್ಯೆಯೊಳಗೆ ಸೇರುತ್ತದೆ. ಮೇಲಿನದು ಗರಿಗರಿ, ಕೆಳಗಿನದು ಬೆಣ್ಣೆ.

ಬೊಂಬಾಯಿ–ಹೈದರಾಬಾದ್ ರಸ್ತೆಯ ಲಾರಿಯವರಿಗೆ ಚಂದಮ್ಮನ ಪರಾತ ಗೊತ್ತಿಲ್ಲದೆ ಇಲ್ಲ. ಊರಿನ ಅರ್ಧ ಮಂದಿಗೆ ಗೊತ್ತಿಲ್ಲ. ಫೌಜಿನಿಂದ ನಿವೃತ್ತನಾಗಿ ಲಾರಿ ಹಿಡಿದ ಡ್ರೈವರ್ ಒಬ್ಬ ಮೊದಲ ತುತ್ತು ಉಂಡು, ಸಾಹೇಬರ ಮೆಸ್ಸಿನಲ್ಲಿ ಇದಕ್ಕೆ ಸಾಸೇಜ್ ಅನ್ನುತ್ತಾರೆ ಎಂದನಂತೆ. ‘ಏನಾರ ಅನ್ನಪಾ, ಬಿಸಿ ಆರೂಕಿಂತ ಮೊದಲ ಉಣ್ಣು ಅಂದೆ’ ಎಂದು ಚಂದಮ್ಮ ನಗುತ್ತಾರೆ.

ಚಂದಮ್ಮನ ತವರು ಕೊಹಿನೂರ, ಗಂಡನ ಮನೆ ಮುಡಬಿ. ಎರಡೂ ಕಡೆ ಕುರಿಯೇ ಬದುಕು. ಕುರಿ ಕೊಯ್ದ ದಿನ ಕರುಳು ತುಂಬುವ ಕೆಲಸ ಮನೆಯ ಹೆಂಗಸರದು. ಅತ್ತೆ ಸಖುಬಾಯಿ ಜೋಳದ ದಂಟಿಗೆ ಕರುಳಿನ ತುದಿ ಸಿಕ್ಕಿಸಿ ಒಳಗು ಹೊರಗು ಮಾಡುವುದನ್ನು ಸೊಸೆಗೆ ಕಲಿಸಿದ್ದರು. ‘ಅತ್ತಿ ಬಾಯಿ ಬಲು ಖಾರ, ಕೈ ಬಲು ರುಚಿ. ಬೈಸ್ಕೋತ ಕಲಿತೇನ್ರಿ’ ಎನ್ನುತ್ತಾರೆ. ಅರವತ್ತೆರಡರ ಮಳೆಗಾಲದಲ್ಲಿ ಹಿಂಡಿಗೆ ರೋಗ ಬಿತ್ತು. ಬೆಳಿಗ್ಗೆ ಮೇಯ್ದ ಕುರಿ ಸಂಜೆಗೆ ಕಾಲು ಚಾಚುತ್ತಿತ್ತು. ಶ್ರಾವಣ ಮುಗಿಯುವುದರೊಳಗೆ ದೊಡ್ಡಿ ಖಾಲಿಯಾಯಿತು. ಗಂಡ ಹೆಂಡತಿ ಎರಡು ಕಂಬಳಿ, ನಾಲ್ಕು ಪಾತ್ರೆ ಕಟ್ಟಿಕೊಂಡು ಹುಮನಾಬಾದಿಗೆ ಬಂದರು.

ಅಲ್ಲಿ ಮೊಹಿನುದ್ದೀನ್ ಅವರ ಬೇಕರಿಯಲ್ಲಿ ಅಮೋಘಸಿದ್ದಪ್ಪನಿಗೆ ಕಟ್ಟಿಗೆ ಒಡೆಯುವ ಕೆಲಸ ಸಿಕ್ಕಿತು, ಚಂದಮ್ಮನಿಗೆ ತಗಡು ತೊಳೆಯುವ ಕೆಲಸ. ಬೆಳಗಿನ ಪಾವು, ಬನ್ನು, ಖಾರಿ ಬಿಸ್ಕೀಟು ಬೆಂದು ಹೊರಬಂದ ಮೇಲೂ ಭಟ್ಟಿ ಮಧ್ಯಾಹ್ನದ ತನಕ ಬಿಸಿಯಾಗಿಯೇ ಇರುತ್ತಿತ್ತು. ಅಷ್ಟು ಬಿಸಿ ದಂಡವಾಗುವುದನ್ನು ನೋಡಿ ಚಂದಮ್ಮನಿಗೆ ತಡೆಯಲಾಗಲಿಲ್ಲ. ಒಂದು ದಿನ ಸಂತೆಯಲ್ಲಿ ಉಳಿದ ಕಾಯಿಪಲ್ಯೆಯ ಮೇಲೆ ತುಂಬಗರುಳು ಇಟ್ಟು, ಹಳೆಯ ತಗಡೊಂದನ್ನು ಒಳಗೆ ತಳ್ಳಿದರು. ವಾಸನೆ ಅಂಗಡಿಯ ಗಲ್ಲಾಪೆಟ್ಟಿಗೆಯ ತನಕ ಹೋಯಿತು. ಮೊಹಿನುದ್ದೀನ್ ಎದ್ದು ಬಂದರು.

‘ಗೋಷ್ ಎಲ್ಲಿದು?’

‘ಸಿರಾಜುದ್ದೀನರ ದುಕಾನದ್ದ ಅದರಿ, ಹಲಾಲ್ ಅದ.’

‘ಹಂಗಾದ್ರ ನನಗೂ ಹಚ್ಚು.’

ಉಂಡವರು ಕೈ ತೊಳೆಯುವ ಮೊದಲೇ, ನಾಳೆಯಿಂದ ಪಾವು ಒಯ್ಯಲು ಬರುವ ಲಾರಿಯವರಿಗೂ ಮಾಡು ಎಂದರು. ಹಾಗೆ ಶುರುವಾದದ್ದು ಐದಾರು ವರ್ಷ ನಡೆಯಿತು. ಚಂದಮ್ಮ ತಗಡು ತೊಳೆಯುವುದನ್ನು ಬಿಟ್ಟು ತಗಡು ತುಂಬುವವರಾದರು.

ಬೇಕರಿಯ ಎದುರಿಗೆ ವೈಜನಾಥ ಅವರ ಚಹಾದ ಅಂಗಡಿ. ಲಿಂಗವಂತರ ಮನೆತನ, ಮಾಂಸ ಮುಟ್ಟದವರು. ಅಂಗಡಿಗೆ ಬನ್ನು, ಖಾರಿ ಮೊಹಿನುದ್ದೀನರಲ್ಲೇ ತರುತ್ತಿದ್ದರು. ಮಾಂಸ ಬೇಯುವುದು ಪಾವಿನ ಭಟ್ಟಿಯಲ್ಲೇ ಎಂಬುದು ಒಂದು ದಿನ ಹೇಗೋ ಗೊತ್ತಾಗಿ ಗಿರಾಕಿಯೊಬ್ಬರು ಬನ್ನನ್ನು ಬಸಿಯಲ್ಲೇ ಬಿಟ್ಟು ಎದ್ದು ಹೋದರು. ಮರುದಿನ ಇನ್ನಿಬ್ಬರು. ವೈಜನಾಥ ಬೇಕರಿಯ ಹೊಸ್ತಿಲ ಹೊರಗೆ ನಿಂತು ಮೆಲ್ಲಗೆ ಹೇಳಿದರು: ‘ಮೊಹಿನುದ್ದೀನ್ ಭಾಯಿ, ಜಗಳಕ್ಕ ಬಂದಿಲ್ಲ. ನನ್ನ ಮಂದಿ ಉಣ್ಣಂಗಿಲ್ಲ. ಬ್ಯಾರೆ ಕಡಿ ಬನ್ನು ತರ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ.’

ಅವರು ಹೋದ ಮೇಲೆ ಮೊಹಿನುದ್ದೀನ್, ‘ಹೋದ್ರ ಹೋಗ್ಲಿ. ನಿನ್ನ ಪರಾತ ನಿಲ್ಸಬ್ಯಾಡ’ ಎಂದರು. ಆದರೆ ಬನ್ನು ಒಯ್ಯುತ್ತಿದ್ದುದು ವೈಜನಾಥರ ಅಂಗಡಿಯೊಂದೇ ಅಲ್ಲ, ಆ ಸಾಲಿನ ಅಂಗಡಿಗಳೆಲ್ಲ ಎಂಬುದು ಚಂದಮ್ಮನಿಗೆ ತಿಳಿದಿತ್ತು. ರಾತ್ರಿಯೆಲ್ಲ ಗಂಡನೊಡನೆ ಮಾತಾಡಿ, ಬೆಳಿಗ್ಗೆ ಮಾಲೀಕರ ಮುಂದೆ ನಿಂತರು. ‘ನಿಮ್ಮ ಪಾವಿಗೆ ಕಟ್ಟಿದ ಭಟ್ಟಿರಿ ಇದು. ಪಾವು ನಿಂತು ನನ್ನ ಪರಾತ ನಡೆದ್ರ ನನಗ ತುತ್ತು ಇಳ್ಯಂಗಿಲ್ಲ. ನನ್ನ ಭಟ್ಟಿ ನಾ ಕಟ್ಕೋತೀನಿ’ ಎಂದರು.

ಹೇಳುವುದೇನೋ ಸುಲಭ, ಕಟ್ಟುವುದು ಕಷ್ಟ. ಊರ ಹೊರಗಿನ ತಮ್ಮ ಗುಡಿಸಲ ಪಕ್ಕ, ರಸ್ತೆಗೆ ಹಾಕಿ ಉಳಿದಿದ್ದ ಕರಿಕಲ್ಲು, ಹಳ್ಳದ ಗುಂಡು ಆಯ್ದು ತಂದು, ಕೆಸರು ಮೆತ್ತಿ, ಗಂಡ ಹೆಂಡತಿ ಹೇಗೋ ಒಂದು ಗೂಡು ಎಬ್ಬಿಸಿದರು. ಮೊದಲ ದಿನ ಬೆಂಕಿ ಹಾಕಿ, ಪರಾತ ಇಟ್ಟರು. ಸ್ವಲ್ಪ ಹೊತ್ತಿಗೆ ಒಳಗೆ ಬಿಸಿ ತಾಳದೆ ಪಟಾಕಿ ಸಿಡಿದಂತೆ ಕಲ್ಲು ಒಡೆಯತೊಡಗಿದವು. ಪರಾತ ಎಳೆಯಲು ಅಮೋಘಸಿದ್ದಪ್ಪ ಕೈ ಹಾಕಿದಾಗಲೇ ಭಟ್ಟಿಯ ಮಾಡು ಕುಸಿಯಿತು. ಬಲಗೈ ಮೊಣಕೈತನಕ ಸುಟ್ಟಿತು. ಆ ಗುರುತು ಇವತ್ತಿಗೂ ಇದೆ. ‘ಅವರ ಕೈ ನೋಡಿ, ಮುಡಬಿಗೆ ಹೋಗಿ ಕೂಲಿ ಮಾಡ್ಕೊಂಡಿರೋಣು ಅಂತ ಗಂಟು ಕಟ್ಟಿದ್ದೆ’ ಎನ್ನುವಾಗ ಚಂದಮ್ಮನ ದನಿ ತಗ್ಗುತ್ತದೆ.

ಆ ಗಂಟು ಬಿಚ್ಚಿಸಿದವರು, ಯಾರೂ ನೆನೆಸದಂತೆ, ವೈಜನಾಥ. ಬಿದ್ದ ಭಟ್ಟಿಯ ಸುದ್ದಿ ಕೇಳಿ ಬಂದು, ‘ರಾಜೇಶ್ವರದಾಗ ನಮ್ಮಪ್ಪನ ಹಳೀ ಮನಿ ಗ್ವಾಡಿ ಕೆಡವೀವಿ. ಸುಟ್ಟ ಇಟ್ಟಂಗಿ ಬಿದ್ದಾವ. ಬಂಡಿ ಕಳಸ್ತೀನಿ, ತುಂಬ್ಕೊಂಡು ಬರ್ರಿ’ ಎಂದರು.

ಚಂದಮ್ಮ ವೈಜನಾಥರ ಮುಖ ನೋಡಿದರು. ‘ನನ್ನ ಭಟ್ಟ್ಯಾಗ ಬೇಯೋದು ಮಾಂಸಾನೇರಿ. ಗೊತ್ತದ ಇಲ್ಲೋ?’

‘ಗೊತ್ತದ. ನಾ ಬ್ಯಾಡ ಅಂದಿದ್ದು ನನ್ನ ಬನ್ನಿನ ಭಟ್ಟ್ಯಾಗ. ನಿನ್ನ ಭಟ್ಟಿ ನಿಂದು’ ಎಂದರು ವೈಜನಾಥ.

ಇಟ್ಟಿಗೆ ಬಂತು. ಮೊಹಿನುದ್ದೀನರೂ ಬಂದರು. ಗೂಟ ನೆಟ್ಟು ಹಗ್ಗ ಸುತ್ತಿ ನೆಲದ ಮೇಲೆ ದುಂಡಗೆ ಗೆರೆ ಎಳೆದು ಕೊಟ್ಟರು. ನಡುವೆ ಹಸಿ ಉಸುಕನ್ನು ಗುಮ್ಮಟದಂತೆ ಪೇರಿಸಿ, ಅದರ ಮೈಮೇಲೆ ಇಟ್ಟಿಗೆ ಕೂಡಿಸಬೇಕು, ಒಣಗಿದ ಮೇಲೆ ಒಳಗಿನ ಉಸುಕು ತೆಗೆದುಬಿಡಬೇಕು ಎಂದು ಹೇಳಿದರು. ಗಂಡನ ಕೈಗೆ ಇನ್ನೂ ಪಟ್ಟಿ. ಹೀಗಾಗಿ ಒಂದೊಂದು ಇಟ್ಟಿಗೆಯನ್ನೂ ಇಟ್ಟವರು ಚಂದಮ್ಮ. ಕೆಸರು ಕಲಸಿದವರೂ ಅವರೇ.

ಉಸುಕು ತೆಗೆಯುವ ದಿನ ಬಂತು. ಅದನ್ನು ತೆಗೆದರೆ ಮಾಡು ನಿಲ್ಲಬಹುದು, ಬೀಳಲೂಬಹುದು. ಸಲಿಕೆ ತಗಲಿದರೆ ಕೆಟ್ಟೀತೆಂದು ಚಂದಮ್ಮ ಬಾಗಿಲ ಕಂಡಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ತಲೆ ಭುಜ ಒಳಗೆ ತೂರಿಸಿ, ಬೊಗಸೆಯಿಂದ ಉಸುಕು ಬಾಚಿ ಹಿಂದಕ್ಕೆ ತಳ್ಳತೊಡಗಿದರು. ಹೊರಗೆ ಗಂಡ ಅವರ ಕಾಲು ಹಿಡಿದು ಕೂತಿದ್ದರು, ಏನಾದರೂ ಸದ್ದಾದರೆ ಎಳೆದುಕೊಳ್ಳಲು. ‘ತಲಿ ಮ್ಯಾಲಿಂದ ಒಂದಿಷ್ಟು ಉಸುಕು ಉದುರ್ತು. ಇವರು ಜಗ್ಗಾಕತ್ರು. ಬಿಡ್ರಿ, ಇನ್ನ ಸ್ವಲ್ಪ ಅದ ಅಂದೆ’ ಎನ್ನುತ್ತಾರೆ. ಕೊನೆಯ ಬೊಗಸೆ ತೆಗೆದಾದ ಮೇಲೂ ಅವರು ತಕ್ಷಣ ಹೊರಗೆ ಬರಲಿಲ್ಲವಂತೆ. ಮಗ್ಗುಲಾಗಿ ಮಲಗಿ, ತಲೆಯ ಮೇಲೆ ತನ್ನಷ್ಟಕ್ಕೆ ನಿಂತ ಇಟ್ಟಿಗೆಯ ದುಂಡನ್ನು ನೋಡುತ್ತಿದ್ದರಂತೆ. ‘ಒಳಗ ತಂಪಿತ್ರಿ. ಅದೊಂದೇ ದಿನ ಅದು ತಂಪಿದ್ದಿದ್ದು.’

ಅದು ಅರವತ್ತೆಂಟರ ಚಳಿಗಾಲ. ಅಂದಿನಿಂದ ಮಳೆ ಸುರಿಯಲಿ, ಗಾಳಿ ಬೀಸಲಿ, ಮುಂಜಾನೆ ಬೆಂಕಿ ತಪ್ಪಿಲ್ಲ. ಮಧ್ಯಾಹ್ನ ಬಾಗಿಲ ಕೆಸರು ಒಡೆಯುವ ಹೊತ್ತಿಗೆ ರಸ್ತೆಯ ಎರಡೂ ಬದಿ ಲಾರಿ ನಿಂತಿರುತ್ತವೆ. ಅಮೋಘಸಿದ್ದಪ್ಪ ರೊಟ್ಟಿ, ಪಾವು ಹಂಚುತ್ತಾರೆ. ಚಂದಮ್ಮ ಸೌಟಿನಿಂದ ಪರಾತದ ತಳ ಕೆರೆದು, ಅಂಟಿಕೊಂಡು ಕೆಂಪಾದ ಉಳ್ಳಾಗಡ್ಡಿಯನ್ನು ದೂರದಿಂದ ಬಂದವನ ತಾಟಿಗೆ ಹಾಕುತ್ತಾರೆ. ಪಾವು ಈಗಲೂ ಮೊಹಿನುದ್ದೀನರ ಬೇಕರಿಯದೇ. ವೈಜನಾಥ ಈ ಭಟ್ಟಿಯ ಒಂದು ಚೂರನ್ನೂ ಬಾಯಿಗೆ ಹಾಕಿದವರಲ್ಲ. ಆದರೆ ಚಹಾ ಕುಡಿದು ಊಟ ಎಲ್ಲಿ ಎಂದು ಕೇಳಿದ ಡ್ರೈವರನಿಗೆ ಬಸವಕಲ್ಯಾಣದ ರಸ್ತೆ ತೋರಿಸುವವರು ಅವರೇ.

ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಚಂದಮ್ಮ ಭಟ್ಟಿಯ ಬಾಗಿಲು ನೋಡುತ್ತಾರೆ. ಭಟ್ಟಿಯ ಹೊಗೆ ಅವರ ಮುಖದ ಕಡೆಗೇ ತಿರುಗಿದೆ. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

‘ಮುಂದಿನ ಭಟ್ಟಿ ಕಟ್ಟಿದಾಗ ಬಾಗಲ ಮೂಡಣಕ್ಕ ಇಡ್ತೀನ್ರಿ. ಈಗಿಂದು ಪಡುವಣಕ್ಕದ, ಗಾಳಿ ಒಳಗ ನುಗ್ಗಿ ಹೊಗಿ ಎಲ್ಲಾ ಕಣ್ಣಾಗ ಬರ್ತದ.’

ಯಾವಾಗ ಕಟ್ಟುತ್ತೀರಿ?

‘ಇದು ಬಿದ್ದ ಮ್ಯಾಲ’ ಎಂದು ಚಂದಮ್ಮ ಬಿಸಿ ಗೋಡೆಯ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ತಲೆ ಅಲ್ಲಾಡಿಸುತ್ತಾರೆ. ‘ಇದೇನ್ ಬೀಳಂಗಿಲ್ಲ ಬಿಡ್ರಿ. ನಾ ಕಟ್ಟಿದ್ದು.’